ಮಗುವನ್ನು ಅಳಿಸದ ನಿರ್ದೇಶಕಿ

ಹೋದ ತಿಂಗಳು ತೀರಿಕೊಂಡ ನನ್ನ ಗೆಳತಿಯನ್ನು ಸ್ಟುಡಿಯೋದಲ್ಲಿ ಎಲ್ಲರೂ ಪುಟ್ಟಿ ಎಂದೇ ಕರೆಯುತ್ತಿದ್ದರು. ತಲೆ ನರೆತು, ಮಂಡಿನೋವು ಹತ್ತಿ, ನಿರ್ದೇಶಕಿಯಾಗಿ ಹೆಸರು ಮಾಡಿದ ಮೇಲೂ ಪುಟ್ಟಿಯೇ. ಆರೇಳು ವರ್ಷದವಳಿದ್ದಾಗ ಅವಳು ತೆರೆಯ ಮೇಲೆ ಅತ್ತರೆ ಕಲ್ಲೂ ಕರಗುತ್ತಿತ್ತಂತೆ. ಆ ಅಳು ಎಲ್ಲಿಂದ ಬರುತ್ತಿತ್ತೆಂದು ನನಗೆ ಹೇಳಿದ್ದು ಬಹಳ ತಡವಾಗಿ. ಕ್ಯಾಮೆರಾ ಸಿದ್ಧವಾದೊಡನೆ ಯಾರಾದರೂ ಕಿವಿಯಲ್ಲಿ, "ನಿಮ್ಮಮ್ಮ ನಿನ್ನ ಬಿಟ್ಟು ಹೋದ್ಲು ಕಣೇ" ಎನ್ನುತ್ತಿದ್ದರು. ಅಮ್ಮ ಬಾಗಿಲ ಹಿಂದೆಯೇ ಇರುತ್ತಿದ್ದಳು. ಸುಳ್ಳೆಂದು ಗೊತ್ತಾದ ಮೇಲೂ, ಈ ಸಲ ನಿಜವಾಗಿದ್ದರೆ ಎಂಬ ಹೆದರಿಕೆಯೇ ಸಾಕಾಗುತ್ತಿತ್ತು.

ಎತ್ತರ ಬೆಳೆದಳು, ಪಾತ್ರಗಳು ನಿಂತವು. ಸಿನಿಮಾ ಬಿಟ್ಟು ಮನೆ ಸೇರದೆ ಸ್ಟುಡಿಯೋದ ಉಡುಪಿನ ಕೋಣೆಯಲ್ಲಿ ಗುಂಡಿ ಹೊಲಿದಳು, ಆಮೇಲೆ ಸಹಾಯಕ ನಿರ್ದೇಶಕಿಯಾದಳು. ಕೊನೆಗೊಮ್ಮೆ ಸ್ವಂತ ಚಿತ್ರ ಸಿಕ್ಕಿತು. ಸಂಕಲನ ನನ್ನದು. ಅದರಲ್ಲೊಂದು ದೃಶ್ಯ: ಊರು ಬಿಟ್ಟು ಹೊರಟ ಅಕ್ಕನನ್ನು ಕಿಟಕಿಯಿಂದ ನೋಡುತ್ತ ಪುಟ್ಟ ಹುಡುಗಿ ಅಳಬೇಕು.

ಹುಡುಗಿ ಬೆಳಗಿನಿಂದ ಹಲ್ಲು ಕಿರಿಯುತ್ತಿದ್ದಳೇ ಹೊರತು ಅಳಲಿಲ್ಲ. ಚಿತ್ರೀಕರಣದ ಮನೆಯನ್ನು ಸಂಜೆಗೆ ಬಿಟ್ಟುಕೊಡಬೇಕಿತ್ತು. ನಿರ್ಮಾಪಕರು ಬಂದರು.

"ಏನಮ್ಮಾ, ನಿನಗೂ ಹೇಳಿಕೊಡಬೇಕಾ? ಅವಳಮ್ಮನ್ನ ಆಚೆ ಕಳಿಸು, ಕಿವೀಲಿ ಒಂದು ಮಾತು ಹಾಕು. ನೀನೂ ಹಾಗೇ ಅಲ್ವಾ ಅತ್ತಿದ್ದು?"

"ಅದಕ್ಕೇ ಹಾಕಲ್ಲ ಸಾರ್."

"ಹಾಗಾದ್ರೆ ನಾಳೆಯಿಂದ ಬೇರೆಯವರು ಮುಗಿಸ್ತಾರೆ."

ಪುಟ್ಟಿಯ ಮುಖ ಬಿಳಿಚಿಕೊಂಡಿತು. ಆದರೂ ಹುಡುಗಿಯ ತಾಯಿಯನ್ನು ಕ್ಯಾಮೆರಾ ಪಕ್ಕದಲ್ಲೇ ಕೂರಿಸಿದಳು. "ಇಲ್ಲೇ ಇರಿ, ಅವಳಿಗೆ ಕಾಣೋ ಹಾಗೆ." ಆಮೇಲೆ ತಾನೇ ಲೆನ್ಸಿನ ಕೆಳಗೆ ಮಂಡಿಯೂರಿದಳು.

"ಏ ಚಿನ್ನಾ, ಒಂದು ಆಟ. ನಾನು ಎಷ್ಟು ಮಂಗನಾಟ ಆಡಿದ್ರೂ ನೀನು ನಗಬಾರದು. ನಕ್ರೆ ಸೋತೆ."

"ನೀವೇ ಸೋಲೋದು ಆಂಟಿ!"

ಪುಟ್ಟಿ ಕೆನ್ನೆ ಉಬ್ಬಿಸಿ, ಕಿವಿ ಎಳೆದುಕೊಂಡು, ಮೂಗಿನ ತುದಿಗೆ ನಾಲಿಗೆ ಚಾಚಿದಳು. ಹುಡುಗಿ ತುಟಿ ಕಚ್ಚಿ ಹಿಡಿದಳು. ಗಲ್ಲ ನಡುಗಿತು, ಭುಜ ಅದುರಿತು, ನಗು ತಡೆದು ತಡೆದು ಕಣ್ಣು ತುಂಬಿತು. ನಾನು ಮಾನಿಟರಿನ ಮುಂದೆ ನಿಂತಿದ್ದೆ. ಪರದೆಯಲ್ಲಿ ಅಳು ನುಂಗಿಕೊಳ್ಳುತ್ತಿರುವ ಒಂದು ಮಗು ಮಾತ್ರ ಇತ್ತು. ಎಲ್ಲ ಗೊತ್ತಿದ್ದೂ, ನಿಜಕ್ಕೂ ಅಳುತ್ತಿಲ್ಲ ತಾನೆ ಎಂದು ತಲೆಯೆತ್ತಿ ಹುಡುಗಿಯನ್ನೇ ನೋಡಿದೆ.

"ಕಟ್" ಎಂದದ್ದೇ ತಡ, ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆಟ ಶುರುವಾದ ಮೇಲೆ ಒಳಗೆ ಬಂದು ನನ್ನ ಹಿಂದೆ ಪರದೆ ನೋಡುತ್ತ ನಿಂತಿದ್ದ ನಿರ್ಮಾಪಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಏನಂತ ಹೆದರಿಸಿದೆಯಮ್ಮಾ?"

"ಹೆದರಿಸಿಲ್ಲ ಅಂಕಲ್, ಆಂಟಿ ಕೋತಿ ಥರ ಮಾಡಿದ್ರು!"

"ಅದಕ್ಕೇನು ಕಷ್ಟ ಬಿಡು ಅವಳಿಗೆ," ಎಂದರು ಅವರು. ಹೊರಡುವಾಗ ಬಾಗಿಲಲ್ಲಿ ತಿರುಗಿ, "ನಾಳೆ ನೀನೇ ಬಾರಮ್ಮ," ಎಂದರು.

ಪುಟ್ಟಿ ನೆಲದ ಮೇಲೇ ಕಾಲು ಚಾಚಿ ಕೂತು "ಉಸ್ಸಪ್ಪಾ" ಎಂದಳು.

ಆಮೇಲೆ ಅವಳು ಮಾಡಿದ ಎಲ್ಲ ಚಿತ್ರಗಳಲ್ಲೂ ಮಕ್ಕಳಿದ್ದರು. "ಕಟ್" ಆದ ಮೇಲಿನ ನಗುವನ್ನು ಕತ್ತರಿಸಿ ತೆಗೆಯುವುದು ನನ್ನ ಕೆಲಸ. ಆ ತುಂಡುಗಳನ್ನು ನಾನು ಎಸೆದಿಲ್ಲ. ಈ ವಾರ ಕೂತು ನೋಡುತ್ತಿದ್ದೇನೆ. ಮಕ್ಕಳು ನಗುತ್ತಾರೆ. ಚೌಕಟ್ಟಿನ ಆಚೆಯಿಂದ, ಅವರಿಗಿಂತ ಜೋರಾಗಿ, ಅವಳೂ.