ರೈಲಿನ ಹಿಂದೆ ಮೇಜಿಗೆ ಬಂದ ಮಾವ

ಹೋದ ವಾರ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುವಾಗ ಒಂದು ಹನಿ ಬೆರಳಿಗೆ ತಾಗಿತು. ಸೆರಗಿಗೆ ಒರೆಸಿಕೊಳ್ಳುವ ಮುಂಚೆಯೇ ಅದರ ವಾಸನೆ ಮೂಗಿಗೆ ಬಡಿದು ನನ್ನ ಮಾವ ನೆನಪಾದರು. ನನ್ನ ಗಂಡನ ಅಪ್ಪ. ಅವರ ಹೆಬ್ಬೆರಳು ತೋರುಬೆರಳಿಗೆ ಸದಾ ಇದೇ ವಾಸನೆ ಅಂಟಿರುತ್ತಿತ್ತು. ಮಿಷನ್ ನನ್ನದು, ಎಣ್ಣೆಯೂ ನನ್ನದು. ಆದರೆ ಅದರಲ್ಲಿ ಅರ್ಧ ಖರ್ಚಾಗುತ್ತಿದ್ದದ್ದು ಅವರ ರೈಲಿನ ಚಕ್ರಗಳಿಗೆ.

ಅವರ ರೈಲು ಎಂದೆನಲ್ಲ, ನಿಜಕ್ಕೂ ಅದು ನನ್ನ ಮಗಳದ್ದು. ಎರಡು ಸಾವಿರದ ಇಸವಿಯ ಆಸುಪಾಸು ಇರಬೇಕು... ನಮ್ಮಣ್ಣ ಮುಂಬೈಯಿಂದ ಬರುವಾಗ ಅವಳಿಗೆಂದು ತಂದಿದ್ದ. ಸೆಲ್ ಹಾಕಿದರೆ ಓಡುವ ಇಂಜಿನ್, ಹಿಂದೆ ನಾಲ್ಕು ಡಬ್ಬಿ, ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಹಳಿಗಳು. ಮಗಳು ಒಂದು ವಾರ ಆಡಿ ಬೇಜಾರಾಗಿ ಬಿಟ್ಟಳು. ಆಮೇಲೆ ಅದು ತಾನಾಗಿಯೇ ಮಾವನ ಪಾಲಾಯಿತು.

ನಮ್ಮ ಹಿರಿಯೂರಿಗೆ ರೈಲಿಲ್ಲ. ಬರುತ್ತದೆ, ಇನ್ನೇನು ಬಂದೇಬಿಡುತ್ತದೆ ಎಂದು ಕೇಳಿ ಕೇಳಿಯೇ ಮಾವನ ತಲೆ ಬೆಳ್ಳಗಾಗಿತ್ತು. ಕೊನೆಗೆ ಸರ್ಕಾರವನ್ನು ಕಾಯುವುದು ಬಿಟ್ಟು ಅವರೇ ತಂದುಬಿಟ್ಟರು. ನಡುಮನೆಯ ನೆಲದ ಮೇಲೆ, ಬಾಗಿಲ ಹತ್ತಿರ ಚಿಕ್ಕಜಾಜೂರು. ಗೋಡೆಗುಂಟ ಬಂದರೆ ಹೊಳಲ್ಕೆರೆ, ಅಲ್ಲಿ ಮಾತ್ರ ರೈಲು ಬಹಳ ಹೊತ್ತು ನಿಲ್ಲುತ್ತಿತ್ತು. ಮಂಚದ ಕೆಳಗೆ ನುಗ್ಗಿ ಆಚೆ ಬಂದರೆ ಚಿತ್ರದುರ್ಗ. ಅಡುಗೆಮನೆಯ ಹೊಸ್ತಿಲ ಬಳಿ ಹಿರಿಯೂರು, ಅಲ್ಲಿಂದ ತಿರುಗಿ ಮತ್ತೆ ಬಾಗಿಲಿಗೆ. ಸ್ಟೇಷನ್ ಎಂದರೆ ಒಂದೊಂದು ಬೆಂಕಿಪೊಟ್ಟಣ. ಅವುಗಳ ಮೇಲೆ ಹೆಸರು ಬರೆದುಕೊಟ್ಟವಳು ಮಗಳು. ಬೆಳಿಗ್ಗೆ ನಾನು ಕಸ ಗುಡಿಸುವಾಗ ರೈಲು ಬಂದರೆ ಅದು ದಾಟುವವರೆಗೆ ಪೊರಕೆ ಹಿಡಿದು ನಿಲ್ಲಬೇಕಿತ್ತು. ಗೇಟ್ ಹಾಕಿದೆ ಎಂದು ಕೈ ಅಡ್ಡ ಹಿಡಿಯುತ್ತಿದ್ದರು ಆ ಮನುಷ್ಯ. ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ಹೀಗಿರುವಾಗ ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದರು. ತೊಡೆಯ ಮೂಳೆ ಮುರಿಯಿತು. ದುರ್ಗದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ರಾಡ್ ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನೂ ನನ್ನ ಗಂಡನನ್ನೂ ಕೂರಿಸಿಕೊಂಡು ಖಡಾಖಂಡಿತವಾಗಿ ಹೇಳಿದರು, ಇನ್ನು ಮುಂದೆ ನೆಲದ ಮೇಲೆ ಕೂರುವಂತಿಲ್ಲ, ಕುಕ್ಕರಗಾಲಿನ ಮಾತೇ ಬೇಡ, ಇನ್ನೊಂದು ಸಲ ಬಿದ್ದರೆ ಮಂಚ ಹಿಡಿಯುವುದೇ ಗತಿ ಎಂದು.

ಉಣ್ಣುವುದು, ಕಾಳು ಹಸನು ಮಾಡುವುದು, ನೆಂಟರ ಜೊತೆ ಮಾತಾಡುವುದು ಎಲ್ಲ ನೆಲದ ಮೇಲೆಯೇ ನಡೆಯುವ ಮನೆ ನಮ್ಮದು. ಅಂಥ ಮನೆಗೆ ನನ್ನ ಗಂಡ ಒಂದು ಊಟದ ಮೇಜು, ನಾಲ್ಕು ಕುರ್ಚಿ ತಂದು ಹಾಕಿದರು. ಮಾವ ಅದರತ್ತ ತಿರುಗಿಯೂ ನೋಡಲಿಲ್ಲ. ನನ್ನನ್ನು ಕೆಳಗೆ ಇಳಿಸಿ, ಎರಡು ತುತ್ತು ಉಂಡು ಏಳುತ್ತೇನೆ ಎಂದು ಒಂದೇ ಹಟ. ನಾವು ಬಿಡಲಿಲ್ಲ. ಮಂಚದ ಮೇಲೆಯೇ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಕೆದಕುತ್ತಿದ್ದರು. ಸಾರು ಪಂಚೆಯ ಮೇಲೆ ಚೆಲ್ಲುತ್ತಿತ್ತು. ಒಂದು ಮುದ್ದೆ ಉಣ್ಣುತ್ತಿದ್ದವರು ಅರ್ಧಕ್ಕೆ ಬಂದರು, ಆಮೇಲೆ ಅದನ್ನೂ ಬಿಡತೊಡಗಿದರು. ಕೆನ್ನೆಗಳು ಒಳಗೆ ಹೋದವು.

ಒಂದು ದಿನ ನನಗೆ ತಡೆಯಲಾಗಲಿಲ್ಲ. ಮೇಜು ತಂದದ್ದು ನಿಮಗೋಸ್ಕರವೇ, ಅದರ ಮುಂದೆ ಕೂತರೆ ಏನು ಸವೆದುಹೋಗುತ್ತೀರಿ ಎಂದು ಕೇಳಿಯೇಬಿಟ್ಟೆ. ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಮೇಜು ಅಂದ್ರೆ ನಾನು ನಿಂತ್ಕಳ ಜಾಗ ಕಣವ್ವ. ಕುಂತ್ಕಳ ಜಾಗ ಅಲ್ಲ."

ಮಾವ ಮಾರಿಕಣಿವೆಯ ಐ.ಬಿ.ಯಲ್ಲಿ, ಅಂದರೆ ಸರ್ಕಾರಿ ಬಂಗಲೆಯಲ್ಲಿ, ಮೇಟಿಯಾಗಿದ್ದವರು. ಅಣೆಕಟ್ಟು ನೋಡಲು ಬಂದು ಆ ಬಂಗಲೆಯಲ್ಲಿ ಇಳಿಯುತ್ತಿದ್ದ ಸಾಹೇಬರುಗಳಿಗೆ ಅಡುಗೆ ಮಾಡಿ ಬಡಿಸುವ ಕೆಲಸ. ನೌಕರಿ ಸೇರಿದಾಗಿನಿಂದ ರಿಟೈರ್ ಆಗುವವರೆಗೆ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಮೇಜಿನ ಪಕ್ಕ ನಿಂತಿದ್ದರು. ಸಾಹೇಬರು ಎದ್ದು ಕೈ ತೊಳೆದ ಮೇಲೆ ಹಿತ್ತಲ ಜಗಲಿಯಲ್ಲಿ, ನೆಲದ ಮೇಲೆ ಇವರ ಊಟ. ನಾನು ಹಟ ಎಂದುಕೊಂಡದ್ದು ಹಟವಾಗಿರಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಅದಾದ ಕೆಲವು ದಿನಕ್ಕೆ, ಮಧ್ಯಾಹ್ನ ಮಗಳನ್ನು ಶಾಲೆಯಿಂದ ಕರೆದುಕೊಂಡು ಬಂದು ನೋಡುತ್ತೇನೆ, ಮಾವ ನೆಲದ ಮೇಲಿದ್ದಾರೆ! ವಾಕರ್ ಒಂದು ಕಡೆ ಉರುಳಿದೆ. ಅವರು ಗೋಡೆಗೆ ಒರಗಿ, ಆಪರೇಷನ್ ಆದ ಕಾಲನ್ನು ಚಾಚಿಕೊಂಡು ಬೆವೆತುಹೋಗಿದ್ದಾರೆ. ಏಳಲು ಆಗಿಲ್ಲ, ಕೂಗಿ ಯಾರನ್ನೂ ಕರೆದೂ ಇಲ್ಲ. ಪಕ್ಕದಲ್ಲಿ ಇಂಜಿನ್ ಮಗ್ಗುಲಾಗಿ ಬಿದ್ದು ಅದರ ಚಕ್ರ ಗಾಳಿಯಲ್ಲಿ ತಿರುಗುತ್ತಿತ್ತು.

"ಇಂಜಿನ್ನು ಬಿದ್ದಿತ್ತು ಕಣವ್ವ," ಎಂದರು.

ಪಕ್ಕದ ಮನೆಯವರನ್ನು ಕೂಗಿ ಕರೆದು, ಇಬ್ಬರೂ ಸೇರಿ ಅವರನ್ನು ಮಂಚಕ್ಕೆ ಹತ್ತಿಸಿದೆವು. ಪುಣ್ಯಕ್ಕೆ ಏನೂ ಆಗಿರಲಿಲ್ಲ. ಆದರೆ ನನಗೆ ಒಂದು ಖಾತ್ರಿಯಾಯಿತು. ಇವರು ರೈಲನ್ನು ಬಿಡುವವರಲ್ಲ, ರೈಲು ನೆಲದ ಮೇಲಿರುವವರೆಗೆ ನೆಲವನ್ನೂ ಬಿಡುವವರಲ್ಲ. ಯಾರನ್ನೂ ಕೇಳದೆ ಸೆರಗು ಸಿಕ್ಕಿಸಿಕೊಂಡು ಹಳಿಗಳನ್ನು ಕಿತ್ತೆ. ಮಗಳು ಒಂದೊಂದೇ ಎತ್ತಿಕೊಡುತ್ತಾ ಹೋದಳು, ನಾನು ಮೇಜಿನ ಮೇಲೆ ಜೋಡಿಸುತ್ತಾ ಹೋದೆ. ಮಾವ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಮಲಗಿದರು. ಸಂಜೆ ಕಾಫಿಯನ್ನೂ ಮುಟ್ಟಲಿಲ್ಲ.

ಮಾರನೆಯ ದಿನ ವಾಕರ್ ಹಿಡಿದು ನಿಧಾನಕ್ಕೆ ಮೇಜಿನ ಹತ್ತಿರ ಬಂದರು. ಸುತ್ತ ಒಂದು ಸಲ ಕಣ್ಣಾಡಿಸಿದರು.

"ಹೊಳಲ್ಕೆರೆ ಎಲ್ಲೈತೆ?"

ಜಾಗ ಸಾಲಲಿಲ್ಲ ಎಂದೆ. ನೆಲದಲ್ಲಿ ಗೋಡೆಯಿಂದ ಗೋಡೆಗೆ ಹರಡಿದ್ದ ದಾರಿ ಮೇಜಿನ ಮೇಲೆ ಒಂದು ಚಿಕ್ಕ ಸುತ್ತಾಗಿತ್ತು. ಮಿಕ್ಕ ಹಳಿಗಳನ್ನೂ ಆ ಬೆಂಕಿಪೊಟ್ಟಣವನ್ನೂ ನಾನು ಡಬ್ಬಕ್ಕೆ ಹಾಕಿ ಇಟ್ಟಿದ್ದೆ. ಮಾವ ಬೈಯಲಿಲ್ಲ. ಆದರೆ ಅವರ ಮುಖ ನೋಡಿ ನಾಲಿಗೆ ಕಚ್ಚಿಕೊಂಡೆ. ತೀರಿಹೋಗಿದ್ದ ನಮ್ಮತ್ತೆಯ ತವರು ಹೊಳಲ್ಕೆರೆ. ಆ ಸ್ಟೇಷನ್ನಿನಲ್ಲಿ ರೈಲು ಯಾಕೆ ಅಷ್ಟು ಹೊತ್ತು ನಿಲ್ಲುತ್ತಿತ್ತು ಎಂದು ನನಗೆ ಆಗ ಹೊಳೆಯಿತು.

ಎರಡು ದಿನ ನಿಂತುಕೊಂಡೇ ರೈಲು ಬಿಟ್ಟರು. ಐ.ಬಿ.ಯಲ್ಲಿ ನಿಂತಂತೆಯೇ, ಮೇಜಿನಿಂದ ಒಂದು ಹೆಜ್ಜೆ ಹಿಂದೆ. ಮೂರನೆಯ ದಿನ ಡಬ್ಬದಿಂದ ಹಳಿಗಳನ್ನು ಸುರಿದುಕೊಂಡರು. ಹೊಳಲ್ಕೆರೆಯನ್ನು ಸೇರಿಸಬೇಕಾದರೆ ಒಂದು ತಿರುವನ್ನು ಬಿಚ್ಚಿ ಒಳಕ್ಕೆ ಎಳೆಯಬೇಕು. ಬಿಚ್ಚಲು ಎರಡೂ ಕೈ ಬೇಕು. ಒಂದು ಕೈ ವಾಕರ್ ಮೇಲಿದೆ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಾನು ನಿಂತು ನೋಡುತ್ತಿದ್ದೆ. ಕೂತುಕೊಳ್ಳಿ ಎಂದು ಬಾಯಿಯವರೆಗೆ ಬಂದದ್ದನ್ನು ನುಂಗಿದೆ. ಹೇಳಿದರೆ ಕೂರುವುದಿಲ್ಲ ಎಂದು ಗೊತ್ತಿತ್ತು. ಒಂದು ಕೈಯಲ್ಲಿ ಎಳೆದರು, ಬರಲಿಲ್ಲ. ಹಲ್ಲಿನಲ್ಲಿ ಕಚ್ಚಿ ನೋಡಿದರು. ಆಮೇಲೆ ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಸದ್ದು ಕೇಳಿತು...

ಕೂತಿದ್ದರು.

ಹಳಿ ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ, ಅಂತೂ ಚಿಕ್ಕಜಾಜೂರಿಗೂ ದುರ್ಗಕ್ಕೂ ನಡುವೆ ಹೊಳಲ್ಕೆರೆಯನ್ನು ನಿಲ್ಲಿಸಿದರು. ಅಷ್ಟರಲ್ಲಿ ಊಟದ ಹೊತ್ತಾಗಿತ್ತು. ಬಿಸಿ ಮುದ್ದೆ, ಅವರೆಕಾಳಿನ ಸಾರು ತಂದು ಹಳಿಯ ಪಕ್ಕದಲ್ಲಿ ಇಟ್ಟು, ಕೈ ತೊಳೆಯಲು ನೀರು ಕೊಟ್ಟೆ. ಮಾವ ತಟ್ಟೆಯನ್ನು ನೋಡಿದರು, ತಾವು ಕೂತಿದ್ದ ಕುರ್ಚಿಯನ್ನು ನೋಡಿದರು. ನಾನು ಸಾರಿನ ಸೌಟು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಈಗ ಎದ್ದರು, ಈಗ ಎದ್ದರು ಎಂದುಕೊಳ್ಳುತ್ತಿದ್ದೆ. ಅವರು ತಲೆಯೆತ್ತಿ ನನ್ನನ್ನೇ ನೋಡಿದರು.

"ನೀನ್ಯಾಕೆ ನಿಂತಿದ್ದೀಯ? ನೀನೂ ತಟ್ಟೆ ತಗಂಡು ಬಂದು ಕುಂತ್ಕ. ಈ ಮನೇಲಿ ಯಾರೂ ನಿಂತು ಬಡಿಸದು ಬ್ಯಾಡ."

ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ನಾನು ಉಣ್ಣುತ್ತಿದ್ದದ್ದು ಎಲ್ಲರದೂ ಆದ ಮೇಲೆ, ಅಡುಗೆಮನೆಯಲ್ಲಿ. ಅವತ್ತು ಮೊದಲ ಸಲ ಮಾವನ ಎದುರು ಕೂತೆ. ಅವರು ಮುದ್ದೆ ಪೂರ್ತಿ ಉಂಡು, ಇನ್ನೊಂದು ಸೌಟು ಸಾರು ತಾವೇ ಹಾಕಿಕೊಂಡರು. ನನಗೆ ಅಳು ಬಂತು, ಆದರೆ ಅದು ಎದೆಯ ಭಾರ ಇಳಿದಾಗ ಬರುವ ಅಳು.

ಅದಾದ ಮೇಲೂ ಮಾವ ಹಲವು ವರ್ಷ ಬದುಕಿದ್ದರು. ಮತ್ತೆ ಬೀಳಲಿಲ್ಲ, ಮಂಚ ಹಿಡಿಯಲಿಲ್ಲ. ಹೋಗುವ ಹಿಂದಿನ ದಿನವೂ ನಡೆದೇ ಬಂದು ಕೂತು ಉಂಡರು. ಅದೊಂದು ಸಮಾಧಾನ ನನಗೆ ಇವತ್ತಿಗೂ ಇದೆ. ಅಷ್ಟು ವರ್ಷವೂ, ಎಷ್ಟೇ ಹಸಿವಿರಲಿ, ನಾನು ಬಂದು ಕೂರುವವರೆಗೆ ಅವರು ಮುದ್ದೆ ಮುರಿಯುತ್ತಿರಲಿಲ್ಲ. ಈಗ ಹಾಗೆ ಕಾಯುವವರು ಯಾರೂ ಇಲ್ಲ. ಆದರೂ ಎಲ್ಲರ ತಟ್ಟೆಯ ಜೊತೆಗೇ ನನ್ನದನ್ನೂ ಹಾಕಿಕೊಂಡು ಕೂರುತ್ತೇನೆ.