ಎರಡೂ ಎಡ ತೋಳು

ಹೊಲಿಗೆ ಅಂಗಡಿಯ ಕತ್ತರಿ ಮೇಜು ಮೂವತ್ತು ವರ್ಷದಿಂದ ಅಕ್ಕನದು. ಗಿರಾಕಿಯ ಮೈಮೇಲೆ ಟೇಪು ಓಡಿಸಿ, ಹದಿನಾಲ್ಕು ಅಳತೆಗಳನ್ನು ತಲೆಯಲ್ಲೇ ಇಟ್ಟುಕೊಂಡು ನೇರವಾಗಿ ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆಯುತ್ತಿದ್ದಳು. ಲಾರಿ ಗುದ್ದಿ ತಲೆಗೆ ಪೆಟ್ಟಾದ ಮೇಲೆ, ಮೂರನೆಯ ಅಂಕಿ ಬರುವಷ್ಟರಲ್ಲಿ ಮೊದಲನೆಯದು ಹಾರಿಹೋಗುತ್ತಿತ್ತು. ಬಟ್ಟೆ ಕೆಟ್ಟದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ. ತೋರಿಸಿದವರ ಮೇಲೇ ಹರಿಹಾಯುತ್ತಿದ್ದಳು.

ತಮ್ಮ ಅವಳನ್ನು ಗುಂಡಿ ಹಚ್ಚಲು ಕೂರಿಸಿದ. "ಮೇಜಿಗೆ ಬೇರೆ ಕಟಿಂಗ್ ಮಾಸ್ತರು ಸಿಕ್ಕಿದಾನೆ ಅಕ್ಕಾ. ನಾಲ್ಕು ತಿಂಗಳು ಬಿಟ್ಟು ಬರ್ತಾನೆ."

"ಬರ್ಲಿ. ನನ್ನ ಕತ್ತರಿ ಮುಟ್ಲಿ, ನೋಡೋಣ."

ಆಸ್ಪತ್ರೆಯಲ್ಲಿ ಸೋಮವಾರ ಸೈಕಲ್ ತುಳಿಸುತ್ತಿದ್ದರು, ಗುರುವಾರ ನೆನಪಿನ ಚೀಟಿ ಓದಿಸಿ, ನೋಡದೆ ಹೇಳಿಸುತ್ತಿದ್ದರು. ಎತ್ತು ಏರಿಗೆ, ಕೋಣ ನೀರಿಗೆ. ಎರಡು ತಿಂಗಳಾದರೂ ಅಂಕಿ ನಿಲ್ಲಲಿಲ್ಲ.

"ನಮಗೆ ಕಾಲು ಪೆಡಲ್ ಮೇಲೆ, ಕೈ ಬಟ್ಟೆ ಮೇಲೆ, ತಲೆ ಅಳತೆ ಮೇಲೆ. ಮೂರೂ ಒಟ್ಟಿಗೇ ಓಡ್ಬೇಕು," ಎಂದು ಅವಳು ಥೆರಪಿಸ್ಟನಿಗೆ ಗದರಿದಳು. "ನೀವು ನನ್ನನ್ನ ದಿನಕ್ಕೊಂದು ತುಂಡು ಮಾಡಿ ಹಂಚ್ಕೊಂಡಿದ್ದೀರಿ."

"ಇಲ್ಲಿ ಪದ್ಧತಿ ಹಾಗಿದೆಯಮ್ಮ."

"ಹೊಲಿಗೆ ತಪ್ಪಿದ್ರೆ ಬಿಚ್ಚಿ ಹೊಲೀಬೇಕು."

ಅವನು ನಕ್ಕ, ಡಾಕ್ಟರನ್ನು ಕೇಳಿ ಒಪ್ಪಿಸಿದ. ಅಂದಿನಿಂದ ಅರ್ಧ ಗಂಟೆ ಸೈಕಲ್, ಬೆವರು ಆರುವ ಮೊದಲೇ ಚೀಟಿ. ಚೀಟಿಯಲ್ಲಿ ಹಣ್ಣು, ಪ್ರಾಣಿಗಳ ಬದಲು ಎದೆ, ಸೊಂಟ, ಭುಜದ ಅಳತೆಗಳು. ಮೂರು ಐದಾಯಿತು, ಐದು ಎಂಟಾಯಿತು. ಎಂಟಕ್ಕೆ ನಿಂತುಬಿಟ್ಟಿತು.

ಮಾಸ್ತರು ಬರುವ ಹಿಂದಿನ ದಿನ ಅಕ್ಕ ಗುಂಡಿ ಡಬ್ಬಿ ಬದಿಗಿಟ್ಟು, ತಮ್ಮನನ್ನೇ ನಿಲ್ಲಿಸಿ ಅಳತೆ ತೆಗೆದು, ಕೋಟಿನ ಬಟ್ಟೆ ಹಾಸಿದಳು. ತೋಳುಗಳನ್ನು ಕತ್ತರಿಸಿ ಒಂದರ ಮೇಲೊಂದಿಟ್ಟಾಗ ಅವಳ ಕೈ ನಿಂತಿತು.

"ಚೆನ್ನಾಗೇ ಬಂದಿದೆಯಲ್ಲ," ಎಂದ ತಮ್ಮ.

"ಕಣ್ಣೇನು ಜೇಬಲ್ಲಿಟ್ಟಿದ್ದೀಯ? ಬಟ್ಟೆ ಮಡಚದೆ ಒಂದೇ ಮುಖಕ್ಕೆ ಎರಡು ಸಲ ಕತ್ತರಿಸಿದೀನಿ. ಎರಡೂ ಎಡ ತೋಳು."

"ನೋಡಿದ್ಯಾ? ಅದಕ್ಕೇ ನಾನು ಹೇಳಿದ್ದು..."

"ನೀನೇನು ಹೇಳ್ದೆ? ಚೆನ್ನಾಗಿದೆ ಅಂದೆ! ತಪ್ಪು ಹಿಡಿದದ್ದು ಯಾರ ತಲೆ?"

ಕಳೆದ ಆರು ತಿಂಗಳಲ್ಲಿ ಅವಳು ತನ್ನ ತಪ್ಪನ್ನು ತಾನೇ ಕಂಡದ್ದು ಇದೇ ಮೊದಲು.

ಅಕ್ಕ ಉಳಿದ ಬಟ್ಟೆ ಎಳೆದುಕೊಂಡಳು. ಎಂಟು ಅಳತೆ ತಲೆಯಲ್ಲಿತ್ತು. ಮಿಕ್ಕ ಆರನ್ನು ಮತ್ತೊಮ್ಮೆ ಅಳೆದು, ಜೀವನದಲ್ಲಿ ಮೊದಲ ಬಾರಿ, ಮೇಜಿನ ಅಂಚಿಗೆ ಸೀಮೆಸುಣ್ಣದಲ್ಲಿ ಬರೆದುಕೊಂಡಳು. ಬಲ ತೋಳು ಕತ್ತರಿಸಿದಳು.

"ನಾಳೆ ಮಾಸ್ತರು ಬಂದ್ರೆ," ಎಂದಳು, "ಆ ಗುಂಡಿ ಡಬ್ಬಿ ಅವನ ಮುಂದಿಡು."