ಒದ್ದೆ ಕಾಲಲ್ಲಿ ಅಳೆದ ರೂಮು

ಲಾಕ್‌ಡೌನಿನಲ್ಲಿ ಮನೆಯೊಳಗೇ ಕೂತ ಮೇಲೆ, ಐರ್ಲೆಂಡಿನ ಲೂಕನ್ನಿನ ನಮ್ಮ ಅಪಾರ್ಟ್‌ಮೆಂಟಿನ ಗೋಡೆಯಾಚೆ ಬೆಳಿಗ್ಗೆ ಬೆಳಿಗ್ಗೆ ಸೋಫಾ ಮಡಚುವ ಸದ್ದು ಕೇಳಿಸುತ್ತಿದೆ. ಪಕ್ಕದವರು ಚೆಕ್ ದೇಶದವರು. ಅಲ್ಲಿಯ ಫ್ಲ್ಯಾಟುಗಳೂ ಚಿಕ್ಕವಂತೆ. ಅಪ್ಪ ಅಮ್ಮ ನಡುಮನೆಯಲ್ಲಿ ಸೋಫಾ ಬಿಡಿಸಿ ಮಲಗಿ, ರೂಮನ್ನು ಮಕ್ಕಳಿಗೆ ಬಿಡುತ್ತಿದ್ದರಂತೆ. ತಾನು ಹಾಗೇ ಬೆಳೆದೆನೆಂದು ಪಕ್ಕದ ಮನೆಯಾಕೆ ಬಾಲ್ಕನಿಯಿಂದ ಹೇಳಿದಾಗ ನನಗೆ ಹೊಟ್ಟೆ ಉರಿಯಿತು.

ನಾನು ಚಿಕ್ಕವಳಿದ್ದಾಗ, ಬೆಂಗಳೂರಿನ ಹೊಸ ಮನೆಗೆ ಬಂದ ದಿನ ಅಪ್ಪ ಸಣ್ಣ ರೂಮನ್ನು ಒದ್ದೆ ಕಾಲಲ್ಲಿ ಅಳೆದು, "ಹನ್ನೊಂದು ಪಾದ. ಇದು ನಿಂದೇ ಕಣೇ ಪುಟ್ಟಿ" ಎಂದಿದ್ದರು. ಕೆಂಪು ನೆಲದ ಮೇಲಿನ ಆ ಗುರುತುಗಳು ಆರುವವರೆಗೂ ನೋಡುತ್ತ ಕೂತಿದ್ದೆ. ಬೇಸಿಗೆ ರಜೆಗೆ ಅತ್ತೆಯ ಮನೆಗೆ ಹೋಗಿ ಬರುವಷ್ಟರಲ್ಲಿ ಅಲ್ಲಿ ಅಣ್ಣನ ಮೇಜು ಬಂದಿತ್ತು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

"ಅವನು ಓದ್ಬೇಕಲ್ಲಮ್ಮ. ನೀನು ಹೇಗಿದ್ರೂ ಬೇರೆ ಮನೆಗೆ ಹೋಗೋಳು."

"ಪರವಾಗಿಲ್ಲಪ್ಪ" ಎಂದೆ. ಅದು ಸುಳ್ಳು.

ಇವತ್ತು ಮಗಳು ಬಾತ್‌ಟಬ್ಬಿನ ಅಂಚಿನಲ್ಲಿ ಕೂತು ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದಳು. ಅವಳ ರೂಮು ಈಗ ನನ್ನ ಗಂಡನ ಆಫೀಸು.

"ಇಟ್ಸ್ ಗ್ರ್ಯಾಂಡ್, ಅಮ್ಮ" ಎಂದಳು, ನನ್ನ ಮುಖ ನೋಡದೆ. ಇಲ್ಲಿಯವರು ‘ಪರವಾಗಿಲ್ಲ’ ಅನ್ನುವುದು ಹಾಗೆ.

ಹೋಗಿ ಬಾಗಿಲು ತಟ್ಟಿದೆ.

"ಮೀಟಿಂಗಲ್ಲಿದೀನಿ ಕಣೇ!"

"ಲ್ಯಾಪ್‌ಟಾಪ್ ಎತ್ಕೊಂಡು ಅಡುಗೆಮನೆಗೆ ಬನ್ನಿ. ಈ ರೂಮು ಅವಳದು."